ಅತ್ತೆಯ ಮುಖದ ಬಣ್ಣ

ಫೋಟೋಗ್ರಾಫರನ ಗ್ರಹಚಾರ ಕೆಟ್ಟಿದ್ದು ಅವನ ಅತ್ತೆ ಸ್ಟುಡಿಯೋ ಗೋಡೆಗಳಿಗೆ ಗಿಳಿಹಸಿರು ಬಣ್ಣ ಹೊಡೆಸಿದಾಗ. ಬೇಡ ಎನ್ನಲು ಅವನಿಗೆ ಬಾಯೆಲ್ಲಿ? ಮನೆ ಅತ್ತೆಯದು, ಸ್ಟುಡಿಯೋ ಆಗಿದ್ದ ಮುಂದಿನ ಕೋಣೆಯೂ ಅತ್ತೆಯದೇ, ಇವನೋ ಮನೆ ಅಳಿಯ. ಸಾಲದ್ದಕ್ಕೆ ಬೆಳಿಗ್ಗೆಯೇ ಅಪ್ಪಣೆಯಾಗಿತ್ತು: "ಸಂಜೆಯೊಳಗೆ ನನ್ನ ಫೋಟೋ ಚೆನ್ನಾಗಿ ಬರದಿದ್ರೆ ಈ ಕೋಣೇನ ಪಕ್ಕದ ದರ್ಜಿಗೆ ಕೊಟ್ಟುಬಿಡ್ತೀನಿ."

ಫೋಟೋ ತೆಗೆದು ಕಂಪ್ಯೂಟರ್ ಮುಂದೆ ಕೂತ. ಸುತ್ತಲ ಗೋಡೆಯೆಲ್ಲ ಹಸಿರೋ ಹಸಿರು. ಅದರ ನಡುವೆ ಪರದೆಯ ಮೇಲಿನ ಅತ್ತೆಯ ಮುಖ ಕೆಂಪಗೆ ಉರಿಯುವಂತೆ ಕಂಡಿತು. ಕೆಂಪು ಇಳಿಸಿದ. ಇನ್ನಷ್ಟು ಇಳಿಸಿದ. ಹದವಾಯಿತೆಂದು ಪ್ರಿಂಟ್ ತೆಗೆದು ಬೀದಿಯ ಬೆಳಕಿಗೆ ಹಿಡಿದರೆ ಮುಖ ಪಾಚಿ ಕಟ್ಟಿದ ನೀರಿನ ತೊಟ್ಟಿ. ಎದುರಂಗಡಿಯ ಕ್ಷೌರಿಕ ಇಣುಕಿ, ಅಮ್ಮನವರಿಗೆ ಹುಷಾರಿಲ್ಲವೇ ಎಂದು ವಿಚಾರಿಸಿದ.

ಎಲ್ಲ ಈ ಗೋಡೆಯಿಂದ ಎಂದು ಇವನು ಗೊಣಗಿದ್ದು ಒಳಗಿದ್ದ ಅತ್ತೆಗೆ ಕೇಳಿಸಿತು.

"ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ," ಎಂದರು ಅಲ್ಲಿಂದಲೇ.

ಕೋಣೆಯ ಮೇಲೆ ಕಣ್ಣಿಟ್ಟಿದ್ದ ದರ್ಜಿ ಉಪಕಾರಕ್ಕೆಂದು ಓಡಿಬಂದ. ಹಸಿರು ಮರೆಯಾಗಲೆಂದು ಕಂಪ್ಯೂಟರಿನ ಹಿಂದೆ ಕೆಂಪು ಬಟ್ಟೆಯ ಥಾನನ್ನೇ ಇಳಿಬಿಟ್ಟ. ಈಗ ಅತ್ತೆ ಹಸಿರಾಗಿ ಕಂಡರು. ಇವನು ಕೆಂಪು ಏರಿಸಿದ. ಈ ಸಲದ ಪ್ರಿಂಟಿನಲ್ಲಿ ಅತ್ತೆ ಯಾರಿಂದಲೋ ಕಪಾಳಕ್ಕೆ ಹೊಡೆಸಿಕೊಂಡು ಬಂದಂತಿದ್ದರು. ಸುಳ್ಳು ಯಾಕೆ, ಅದನ್ನು ನೋಡಿ ಇವನಿಗೆ ಒಂದು ಗಳಿಗೆ ಖುಷಿಯೇ ಆಯಿತು. ಅಷ್ಟರಲ್ಲಿ ದರ್ಜಿ ಟೇಪು ಹಿಡಿದು ಕಿಟಕಿ ಅಳೆಯುತ್ತಿದ್ದ.

ಕಡೆಗೆ ಹೆಂಡತಿಗೆ ಕನಿಕರ ಬಂತು. "ಹಿತ್ತಲ ಉಗ್ರಾಣಕ್ಕಾದ್ರೂ ಹೋಗಿ. ಬರೀ ಸಿಮೆಂಟು ಗೋಡೆ. ಅಲ್ಲಿ ಕಣ್ಣು ಕೆಡಿಸೋ ಬಣ್ಣ ಯಾವುದೂ ಇಲ್ಲ."

ಅತ್ತೆ ಮಧ್ಯಾಹ್ನದ ನಿದ್ದೆಗೆ ಜಾರಿದ ಮೇಲೆ ಕಂಪ್ಯೂಟರನ್ನು ಕಳ್ಳನ ಹಾಗೆ ಹೊತ್ತೊಯ್ದ. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಮೊದಲು ತೆಗೆದ ಫೋಟೋವನ್ನೇ ತೆರೆದ. ಬೂದು ಗೋಡೆಗಳ ನಡುವೆ ಅತ್ತೆ ಅತ್ತೆಯ ಹಾಗೇ ಇದ್ದರು. ಮುಟ್ಟಬೇಕಾದ್ದೇ ಏನೂ ಇರಲಿಲ್ಲ. ಕಂಪ್ಯೂಟರನ್ನು ಮೊದಲಿನ ಜಾಗದಲ್ಲಿಟ್ಟು, ಹಾಗೇ ಪ್ರಿಂಟ್ ತೆಗೆದ.

ಸಂಜೆ ಅಂಗಳದಲ್ಲಿ ನಿಂತು ಅತ್ತೆ ಫೋಟೋ ನೋಡಿದರು. ಮದುವೆಯಾದಾಗಿನಿಂದ ಮೊದಲ ಸಲ ಅಳಿಯನ ಮುಖ ನೋಡಿ ನಕ್ಕರು. ಕೋಣೆ ನಿನ್ನದೇ ಇಟ್ಟುಕೋ ಎಂದರು. ಇವನ ಕಣ್ಣಲ್ಲಿ ನೀರೇ ಬಂತು. ದರ್ಜಿ ಪೆಚ್ಚಾಗಿ ಥಾನು ಸುತ್ತಿಕೊಂಡು ಹೊರಟ.

"ನೋಡಿದ್ಯಾ, ಗೋಡೆಗೆ ಒಳ್ಳೇ ಬಣ್ಣ ಇದ್ರೆ ಕೆಲಸ ಹೇಗೆ ಕುದುರುತ್ತೆ," ಎಂದರು ಅತ್ತೆ. "ಬಣ್ಣ ಅರ್ಧ ಡಬ್ಬ ಉಳಿದಿತ್ತು. ಉಗ್ರಾಣ ಒಂದು ಬೋಳಾಗಿತ್ತಲ್ಲ, ಈಗ ತಾನೇ ಅದಕ್ಕೂ ಹೊಡೆಸಿದೆ. ನಾಳೆ ನಮ್ಮಕ್ಕ ಬರ್ತಾಳೆ. ಅವಳ ಫೋಟೋನೂ ಹೀಗೇ ಬರಬೇಕು. ಬರದಿದ್ರೆ ಗೊತ್ತಲ್ಲ?"

ಹೊರಟಿದ್ದ ದರ್ಜಿ ಗೇಟಿನಲ್ಲೇ ನಿಂತು, ಟೇಪನ್ನು ಮತ್ತೆ ಹೊರಗೆ ತೆಗೆದ.