ಮಾಣಿಯ ತೂಕದ ಚೀಟಿ

ಎರಡು ಚಿಕ್ಕ ಮಕ್ಕಳಿರುವ ಮನೆಯಲ್ಲಿ ಒಂದು ದಿನ ಏನೂ ನಡೆಯಲಿಲ್ಲ ಎಂದರೆ, ಆ ದಿನ ಮಕ್ಕಳು ಮನೆಯಲ್ಲಿರಲಿಲ್ಲ ಎಂದೇ ಅರ್ಥ. ನಮ್ಮ ಮಕ್ಕಳು ಯಾವಾಗಲೂ ಮನೆಯಲ್ಲೇ ಇರುತ್ತಿದ್ದರು.

ಆಗ ನಾವು ಕೊಪ್ಪದಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆವು. ಮಗಳಿಗೆ ಐದು ವರ್ಷ, ಮಗನಿಗೆ ಎರಡು. ಯಜಮಾನರು ನರಸಿಂಹರಾಜಪುರದ ಕಚೇರಿಯೊಂದರಲ್ಲಿ ಗುಮಾಸ್ತರು. ದಸರಾ ರಜೆ ಮುಗಿಯುತ್ತಿದ್ದಂತೆ ನನಗೂ ಸೀತೂರಿನ ಕಡೆ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಮಗಳು ನನ್ನ ಜೊತೆಗೇ ಶಾಲೆಗೆ ಬರುತ್ತಿದ್ದಳು. ಮಗನನ್ನು ಪಕ್ಕದ ಮನೆಯ ಟೈಲರ್ ಸಾಹೇಬರ ಹೆಂಡತಿ ನೋಡಿಕೊಳ್ಳುತ್ತಿದ್ದರು. ಅವರನ್ನು ಇಡೀ ಬೀದಿಯೇ ಆಪಾ ಎಂದು ಕರೆಯುತ್ತಿತ್ತು.

ಈ ಏರ್ಪಾಡು ನನ್ನ ಅತ್ತೆಗೆ ಹಿಡಿಸಲಿಲ್ಲ. ಅವರಿದ್ದದ್ದು ಕೆರೆಕಟ್ಟೆಯಲ್ಲಿ, ದೊಡ್ಡ ಮಗನ ತುಂಬಿದ ಮನೆಯಲ್ಲಿ. ಅಲ್ಲಿ ಏಳು ಮೊಮ್ಮಕ್ಕಳಿದ್ದರೂ ಅವರ ಜೀವವೆಲ್ಲ ನಮ್ಮ ಮಗನ ಮೇಲೆ. ನಮ್ಮ ಕಡೆಯ ರೂಢಿಯಂತೆ ಅವನನ್ನು ಮಾಣಿ ಎನ್ನುತ್ತಿದ್ದರು.

“ಕೆಲಸಕ್ಕೆ ಹೋಗು ಮಾರಾಯ್ತಿ, ನಾ ಬೇಡ ಅನ್ನೋದಿಲ್ಲ. ಆದ್ರೆ ಮಾಣಿ ಸುದ್ದಿ ದಿನಾ ನಂಗೆ ಬರ್ಬೇಕು. ಅವ ಒಂಚೂರು ಇಳಿದ ಅಂತ ಗೊತ್ತಾದ್ರೆ ಬಂದು ಕರ್ಕೊಂಡು ಹೋಗ್ತೇನೆ. ಶಾಲೆಗೆ ಸೇರೋವರೆಗೆ ನನ್ನ ಹತ್ರಾನೇ ಇರ್ಲಿ” ಎಂದರು.

ಅತ್ತೆ ಹೇಳಿದ್ದನ್ನು ಮಾಡಿಯೇ ತೀರುವವರು. ನನಗೆ ಹೆದರಿಕೆಯಿದ್ದದ್ದೇ ಅದಕ್ಕೆ.

ಸುದ್ದಿ ಹೋದ ದಾರಿ

ಕೆರೆಕಟ್ಟೆ ಮನೆಯ ಫೋನು ವರ್ಷದಲ್ಲಿ ನಾಲ್ಕು ತಿಂಗಳು ಕೆಲಸ ಮಾಡಿದರೆ ಪುಣ್ಯ. ಹಾಗಾಗಿ ಸುದ್ದಿ ಹೋಗುತ್ತಿದ್ದದ್ದು ಬೆಳಗಿನ ಬಸ್ಸಿನಲ್ಲಿ. ನಮ್ಮ ಕಡೆ ಬಸ್ಸಿನ ಕಂಡಕ್ಟರ್ ಎಂದರೆ ಟಿಕೆಟ್ ಕೊಡುವವರು ಮಾತ್ರವಲ್ಲ. ಔಷಧಿ, ಮಲ್ಲಿಗೆ ಹೂವು, ಮದುವೆ ಕಾಗದ, ರಿಪೇರಿಯಾದ ಮಿಕ್ಸಿ, ಎಲ್ಲವನ್ನೂ ಅವರೇ ಮುಟ್ಟಿಸಬೇಕು.

ಮೊದಮೊದಲು ಚೀಟಿ ಬರೆದು ಕೊಡುತ್ತಿದ್ದೆ. ಒಂದು ದಿನ ಬರೆಯಲು ಪುರುಸೊತ್ತಾಗದೆ ಬಾಯಿಮಾತಿನಲ್ಲೇ ಹೇಳಿದೆ. “ಮಾಣಿಗೆ ನಿನ್ನೆ ಹೊಟ್ಟೆ ಕೆಟ್ಟಿತ್ತು, ಇವತ್ತು ಎರಡೇ ಸಲ ಹೋಗಿದ್ದು ಅಂತ ಅತ್ತೆಗೆ ಹೇಳಿಬಿಡಿ.”

ಕಂಡಕ್ಟರ್ ಜವಾಬ್ದಾರಿಯ ಮನುಷ್ಯ. ಎಲ್ಲಿ ಮರೆತುಬಿಡುತ್ತೇನೋ ಎಂದು ಮುಂದಿನ ಸೀಟಿನವರಿಗೂ ಹೇಳಿ, “ಕೆರೆಕಟ್ಟೆ ಬಂದಾಗ ನೆನಪು ಮಾಡಿ ಮಾರಾಯ್ರೆ” ಎಂದಿದ್ದಾರೆ. ಅವರು ಶೃಂಗೇರಿಯಲ್ಲಿ ಇಳಿಯುವವರು. ಇಳಿಯುವ ಮೊದಲು, ಹತ್ತಿದವರಿಗೆ ಸುದ್ದಿಯನ್ನು ದಾಟಿಸಿದ್ದಾರೆ.

ಮುಂದಿನ ಭಾನುವಾರ ನಾವೆಲ್ಲ ಶೃಂಗೇರಿಗೆ ಹೋಗಿದ್ದೆವು. ತರಕಾರಿ ಅಂಗಡಿಯಲ್ಲಿ, ನಾನು ಜನ್ಮದಲ್ಲಿ ಕಂಡಿರದ ಹೆಂಗಸೊಬ್ಬರು ಮಗನ ಗಲ್ಲ ಹಿಡಿದು ಕೇಳಿದರು.

“ಕೊಪ್ಪದ ಮಾಣಿ ಇವನೇ ಅಲ್ಲನಾ? ಈಗ ಗಟ್ಟಿಯಾಯ್ತಾ?”

ಫೋನು ಸರಿಯಾದ ದಿನ

ಒಮ್ಮೆ ಕೆರೆಕಟ್ಟೆಯ ಫೋನು ತಾನಾಗಿ ಸರಿಯಾಯಿತು. ಅತ್ತೆ ನನ್ನನ್ನು ಏನೂ ಕೇಳಲಿಲ್ಲ. “ಕೂಸಿಗೆ ಕೊಡು” ಎಂದರು. ಮಗಳು ಸ್ಟೂಲು ಹತ್ತಿ ಫೋನು ಹಿಡಿದಳು. ಅತ್ತೆಯದು ಗಟ್ಟಿ ಗಂಟಲು, ಪಕ್ಕದಲ್ಲಿದ್ದ ನನಗೂ ಎಲ್ಲ ಕೇಳಿಸುತ್ತಿತ್ತು.

“ಅಮ್ಮ ತಮ್ಮಂಗೆ ಊಟ ಮಾಡಿಸ್ತಾಳನಾ?”

“ಮಾಡಿಸ್ತಾಳೆ.”

“ಅವ ಹೊಟ್ಟೆ ತುಂಬಾ ಉಣ್ತಾನಾ?”

“ಇಲ್ಲ ಅಜ್ಜಿ. ಅವ ಎಲ್ಲಾ ಆಪಾನ ಕೋಳಿಗೆ ಹಾಕ್ತಾನೆ.”

“ಆಗ ಅಮ್ಮ ಎಂತ ಮಾಡ್ತಾಳೆ?”

“ಕೋಳಿಗೆ ಬೈತಾಳೆ.”

ಸುಳ್ಳು ಎನ್ನುವಂತಿರಲಿಲ್ಲ. ಮಾರನೆಯ ದಿನ ಕಂಡಕ್ಟರ್ ಕೈಯಲ್ಲಿ ಅತ್ತೆಯ ಚೀಟಿ ಬಂತು. “ಕೋಳಿ ಚೆನ್ನಾಗಿದೆ ಅಂತ ತಿಳಿಯಿತು. ಮಾಣಿ ಹೇಗಿದ್ದಾನೆ?”

ಎರಡು ಹರಕೆ

ಸಂಜೆ ಮನೆಗೆ ಬಂದು ತಟ್ಟೆ ಹಿಡಿದರೆ ಮಗ ಬಾಯಿ ಬಿಚ್ಚುತ್ತಿರಲಿಲ್ಲ. ಚಂದಮಾಮ, ಕಾಗೆ, ಗುಬ್ಬಿ ಎಲ್ಲ ಆಯಿತು. ಪೊಲೀಸರೂ ಆದರು. ನಾಲ್ಕು ತುತ್ತು ಒಳಗೆ ಹೋದರೆ ನನಗೆ ಯುದ್ಧ ಗೆದ್ದಷ್ಟು ಸುಸ್ತು. ಕೊನೆಗೆ ಶೃಂಗೇರಿಗೆ ಹರಕೆ ಹೇಳಿಕೊಂಡೆ. ಇವನು ಸರಿಯಾಗಿ ಉಂಡರೆ ಅಮ್ಮನವರಿಗೆ ಸೀರೆ ಉಡಿಸುತ್ತೇನೆ ಎಂದು.

ಒಂದು ದಿನ ಶಾಲೆ ಬೇಗ ಬಿಟ್ಟಿತು. ಆಪಾನ ಮನೆ ಬಾಗಿಲಲ್ಲಿ ನಿಂತು ನೋಡುತ್ತೇನೆ, ನನ್ನ ಮಗ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮೂರನೆಯ ಅಕ್ಕಿರೊಟ್ಟಿಯನ್ನು ಮುಗಿಸುತ್ತಿದ್ದಾನೆ. ಮುಂದೆ ಒಂದು ಲೋಟ ಹಾಲು.

“ಆಪಾ, ದಿನಾ ಹೀಗೇ ತಿಂತಾನಾ?”

ಆಪಾನ ಕಣ್ಣಲ್ಲಿ ನೀರು ತುಂಬಿತು. “ನಿಮಗೆ ಬೇಜಾರಾಗ್ತದೆ ಅಂತ ಹೇಳಿಲ್ಲ ಟೀಚರೆ. ಮೊದ್ಲು ನಾಲ್ಕು ರೊಟ್ಟಿ ತಿಂತಿದ್ದ. ಈಗ ಮೂರಕ್ಕೇ ಸಾಕು ಅಂತಾನೆ. ನಾನು ದರ್ಗಾಕ್ಕೆ ಹರಕೆ ಹೇಳಿದ್ದೇನೆ.”

ಮಗನ ಹೊಟ್ಟೆ ನೋಡಿದೆ. ಎರಡು ದೇವರೂ ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದರು.

ಮಾಲು: ಮಗು

ಕೋಳಿಯ ಕತೆ ಕೇಳಿದ ಮೇಲೆ ಅತ್ತೆಗೆ ನಮ್ಮ ಬಾಯಿಮಾತಿನ ಮೇಲೆ ನಂಬಿಕೆ ಹೊರಟುಹೋಯಿತು. “ಸುದ್ದಿ ಬೇಡ, ತೂಕ ಕಳ್ಸಿ” ಎಂದು ಹೇಳಿ ಕಳಿಸಿದರು. ಅಂಗನವಾಡಿಯ ತಕ್ಕಡಿ ಕೆಟ್ಟಿತ್ತು. ಯಜಮಾನರು ಮಗನನ್ನು ಹೊತ್ತುಕೊಂಡು ಪೇಟೆಯ ಮೆಣಸಿನ ವ್ಯಾಪಾರಿಗಳ ಅಂಗಡಿಗೆ ಹೋದರು. ನಮ್ಮ ಕೆರೆಕಟ್ಟೆ ಮನೆಯ ಕಾಳುಮೆಣಸು ಪ್ರತಿ ವರ್ಷ ತೂಗುತ್ತಿದ್ದದ್ದೂ ಅಲ್ಲೇ.

ಅಂಗಡಿಯ ಸಾಹುಕಾರರು ಕೆಲಸವೆಂದರೆ ಕೆಲಸ ಎನ್ನುವವರು. ಮಗನ ಕೈಗೊಂದು ಬೆಲ್ಲದ ಚೂರು ಕೊಟ್ಟು, ತೂಕದ ಹಲಗೆಯ ಮೇಲೆ ಕೂರಿಸಿ, ಮುಳ್ಳು ನಿಲ್ಲುವವರೆಗೆ ಕಾದು, ಅಂಗಡಿಯ ಚೀಟಿಯನ್ನೇ ತುಂಬಿದರು. “ಮಾಲು: ಮಗು. ಗುಣ: ಉತ್ತಮ. ತೂಕ: ಹನ್ನೊಂದು ಕಿಲೋ.” ಕೆಳಗೆ ಸಹಿ.

ಅತ್ತೆಗೆ ಬಹಳ ಖುಷಿಯಾಯಿತಂತೆ. ಅಲ್ಲಿಂದ ಪ್ರತಿ ಭಾನುವಾರ ತೂಕ, ಪ್ರತಿ ಸೋಮವಾರ ಚೀಟಿ. ಅತ್ತೆ ಅವನ್ನೆಲ್ಲ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿಡುತ್ತಿದ್ದರು. ಒಮ್ಮೆ ಹುಮ್ಮಸ್ಸಿನಲ್ಲಿ ಯಜಮಾನರು ತಾವೂ ಹಲಗೆ ಹತ್ತಿ, ತಮ್ಮ ಚೀಟಿಯನ್ನೂ ಜೊತೆಗೆ ಕಳಿಸಿದರು. ಅದು ಸಂಜೆಯ ಬಸ್ಸಿಗೇ ವಾಪಸ್ಸು ಬಂತು. ಹಿಂದುಗಡೆ ಅತ್ತೆ ಬರೆದಿದ್ದರು: “ಇವನಿಗೆ ರಾತ್ರಿ ಊಟ ಕಡಿಮೆ ಮಾಡು.”

ಒಂದು ಕಿಲೋ

ಬೇಸಿಗೆ ಮುಗಿಯುವ ಹೊತ್ತಿಗೆ ಚೀಟಿ ಹನ್ನೊಂದೂವರೆ ಕಿಲೋಕ್ಕೆ ಬಂದಿತ್ತು. ನಾನು ಒಳಗೊಳಗೇ ಬೀಗುತ್ತಿದ್ದೆ. ಜೂನ್ ಬಂತು. ಮೊದಲ ಭಾನುವಾರ ಅಪ್ಪ ಮಗ ಇಬ್ಬರೂ ನೆನೆದುಕೊಂಡೇ ಅಂಗಡಿಗೆ ಹೋಗಿ ಬಂದರು. ಯಜಮಾನರು ಚೀಟಿಯನ್ನು ನೋಡದೆ ಮಡಚಿ ಜೇಬಿಗಿಟ್ಟುಕೊಂಡು, ಬೆಳಿಗ್ಗೆ ಕಂಡಕ್ಟರ್ ಕೈಗೆ ಕೊಟ್ಟರು.

ಮಂಗಳವಾರ ನಾನು ಮಕ್ಕಳಿಗೆ ಏಳರ ಮಗ್ಗಿ ಹೇಳಿಕೊಡುತ್ತಿದ್ದೆ. ನೋಡಿದರೆ ಕ್ಲಾಸಿನ ಬಾಗಿಲಲ್ಲಿ ಅತ್ತೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಟಿ.

“ಹತ್ತೂವರೆ” ಎಂದರು. “ಒಂದೇ ವಾರಕ್ಕೆ ಒಂದು ಕಿಲೋ ಇಳಿದಿದ್ದಾನೆ. ಮನೆಗೆ ನಡಿ. ಅವನ ಬಟ್ಟೆ ಕಟ್ಟು.”

ಚೀಟಿ ಓದಿದೆ. ಹೆಡ್ಮಾಸ್ತರರಿಗೆ ಹೇಳಿ ಮನೆಗೆ ಬಂದು ಮಗನನ್ನು ನೋಡಿದೆ. ಬೆಳಿಗ್ಗೆ ಗುಂಡಗಿದ್ದ ಕೆನ್ನೆ ಈಗ ನನ್ನ ಕಣ್ಣಿಗೂ ಇಳಿದ ಹಾಗೇ ಕಂಡಿತು. ಸಂಬಳದ ಆಸೆಗೆ ಮಗುವನ್ನು ಒಣಗಿಸಿಬಿಟ್ಟೆನಲ್ಲ ಎಂದು ಅಡಿಗೆಮನೆಗೆ ಹೋಗಿ ಅಳುತ್ತಾ ನಿಂತೆ. ಆಪಾ ರೊಟ್ಟಿ ಕಟ್ಟಿಕೊಟ್ಟು ಆ ಕಡೆಯಿಂದ ಅತ್ತರು. ಮಗಳು ಮಾತ್ರ, “ಅವನ ಚಾಪೆ ನಂಗೇ ಅಲ್ವಾ?” ಎಂದು ಕೇಳಿದಳು. ಮಗ ತನ್ನ ಬ್ಯಾಗಿನ ಮೇಲೇ ಕೂತು ಆಟವಾಡುತ್ತಿದ್ದ. ಅವನನ್ನು ಬಿಟ್ಟು ನಾಳೆ ಶಾಲೆಗೆ ಹೇಗೆ ಹೋಗುವುದು ಎಂದು ನನಗೆ ತಿಳಿಯಲಿಲ್ಲ.

ಸುದ್ದಿ ತಿಳಿದು ಯಜಮಾನರು ನರಸಿಂಹರಾಜಪುರದಿಂದ ಓಡಿಬಂದರು. ಅವರಮ್ಮನ ಎದುರು ಅವರ ಬಾಯಿ ಎಂದೂ ತೆರೆದದ್ದಿಲ್ಲ. ಬ್ಯಾಗು ಎತ್ತಿಕೊಂಡರು. ಎಲ್ಲರೂ ನೆನೆಯುತ್ತಾ ಬಸ್ ಸ್ಟ್ಯಾಂಡಿಗೆ ಹೊರಟೆವು.

ದಾರಿಯಲ್ಲಿ ಮೆಣಸಿನ ಅಂಗಡಿ ಕಂಡಾಗ ಅತ್ತೆ ನಿಂತರು. “ಒಂದು ಸಲ ತೂಗ್ಸಿಯೇ ಕರ್ಕೊಂಡು ಹೋಗ್ತೇನೆ. ಎಷ್ಟಿದ್ದವ ಎಷ್ಟಾದ ಅಂತ ಮುಂದೆ ಗೊತ್ತಾಗ್ಬೇಕಲ್ಲ.”

ಸಾಹುಕಾರರು ಎಂದಿನಂತೆ ಬೆಲ್ಲ ಕೊಟ್ಟು ಕೂರಿಸಿದರು. ಮುಳ್ಳು ಕುಣಿದು ನಿಂತಿತು. ಅವರು ಚೀಟಿ ಬರೆದು ಹರಿದುಕೊಟ್ಟರು. ಹತ್ತೂವರೆ.

ನಾನು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಅತ್ತೆ ಚೀಟಿಯನ್ನು ನೋಡಿದರು, ಬಗ್ಗಿ ಮುಳ್ಳನ್ನು ನೋಡಿದರು, ಮತ್ತೆ ಚೀಟಿಯನ್ನು ನೋಡಿದರು.

“ಮುಳ್ಳು ಹನ್ನೊಂದೂವರೆ ತೋರಿಸ್ತದೆ. ನೀವು ಹತ್ತೂವರೆ ಬರ್ದಿದ್ದೀರಿ.”

“ಹೌದಮ್ಮ” ಎಂದರು ಸಾಹುಕಾರರು ಶಾಂತವಾಗಿ. “ಮಳೆಗಾಲ ಅಲ್ವಾ? ಮಾಲು ಒದ್ದೆ ಇದ್ರೆ ತೇವಕ್ಕೆ ಅಂತ ಚೀಲಕ್ಕೊಂದು ಕಿಲೋ ಕಳೆದೇ ಬರೆಯೋದು. ಮೊನ್ನೆ ಭಾನುವಾರಾನೂ ಹಾಗೇ…”

ಹೇಳುತ್ತಾ ಹೇಳುತ್ತಾ ಅವರಿಗೇ ಹೊಳೆಯಿತು. ಕೈ ಗಾಳಿಯಲ್ಲೇ ನಿಂತಿತು. ಹಲಗೆಯ ಮೇಲೆ ಕೂತಿದ್ದ ಒದ್ದೆ ಮಾಲು ಇನ್ನೊಂದು ಬೆಲ್ಲಕ್ಕೆ ಕೈ ಚಾಚಿತು.

ಅತ್ತೆ ಯಜಮಾನರ ಕೈಯಿಂದ ಬ್ಯಾಗನ್ನು ತೆಗೆದು ನನ್ನ ಕೈಗೆ ಕೊಟ್ಟರು.

“ಮಾಣಿನ ಮನೆಗೆ ಕರ್ಕೊಂಡು ಹೋಗು ಮಾರಾಯ್ತಿ. ಚೆನ್ನಾಗೇ ಸಾಕಿದ್ದೀಯ. ನಾನು ಸುಮ್ಮನೆ ನಿನ್ನನ್ನ ಅಳಿಸ್ದೆ.”

ಮದುವೆಯಾಗಿ ಏಳು ವರ್ಷಕ್ಕೆ ಅತ್ತೆಯ ಬಾಯಲ್ಲಿ ಕೇಳಿದ ಮೊದಲ ಒಳ್ಳೆಯ ಮಾತು. ನಾನು ಮಗನನ್ನು ಎತ್ತಿ ಗಟ್ಟಿಯಾಗಿ ಅಪ್ಪಿಕೊಂಡೆ. ಇನ್ನೇನು ಎಲ್ಲರೂ ಹೊರಡಬೇಕು, ಅಷ್ಟರಲ್ಲಿ ಅತ್ತೆ ಅಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ಸಾಹುಕಾರರ ಎದುರೇ ಕೂತರು. ಕೊಡೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು.

“ಅಮ್ಮ, ಬಸ್ಸು…” ಎಂದರು ಯಜಮಾನರು.

“ಬಸ್ಸು ಹೋಗ್ಲಿ” ಎಂದವರು ಸಾಹುಕಾರರ ಕಡೆ ತಿರುಗಿದರು. “ಮಾಣಿ ಒಂದು ಕಿಲೋ ಇಳಿದ ಅಂತ ಗೊತ್ತಾದ ಕೂಡ್ಲೇ ಕೆರೆಕಟ್ಟೆಯಿಂದ ಇಲ್ಲಿಗೆ ಓಡಿ ಬಂದೆ. ಹೋದ ವರ್ಷ ನಮ್ಮ ಮೆಣಸು ಎಂಟು ಚೀಲಕ್ಕೆ ಎಂಟು ಕಿಲೋ ಇಳಿದಾಗ ಮನೇಲೇ ಸುಮ್ನೆ ಕೂತಿದ್ದೆನಲ್ಲ ಮಾರಾಯ್ರೆ!”