ಮೂಲಪುರುಷರ ತಾತ್ಕಾಲಿಕ ಭಾವಚಿತ್ರ

ಗೋವಾದ ಸಾಂಕೋಲೆಯಲ್ಲಿ ನೆಲೆಸಿರುವ ಉತ್ತರ ಕರ್ನಾಟಕದ ಕಟ್ಟಡ ಕಾರ್ಮಿಕರ ಸಂಘಕ್ಕೆ ಒಬ್ಬ ಮೂಲಪುರುಷರಿದ್ದಾರೆ. ಅವರ ಹೆಸರು ರಸಮಟ್ಟದಯ್ಯ. ಗೋಡೆಯ ಮಟ್ಟ ನೋಡುವ ರಸಮಟ್ಟವನ್ನು ಕೈಯಲ್ಲಿ ಹಿಡಿದು, ಅದರೊಳಗಿನ ಗುಳ್ಳೆ ನಡುವಿನಿಂದ ಕದಲದಂತೆ, ಜುವಾರಿ ನದಿಯ ನೀರಿನ ಮೇಲೆ ನಡೆದು ಅವರು ಈ ದಡಕ್ಕೆ ಬಂದರೆಂಬುದು ಸಂಘದ ನಂಬಿಕೆ. ಆ ದಡದಲ್ಲಿ ಅವರು ಏನು ಮಾಡುತ್ತಿದ್ದರೆಂಬುದಕ್ಕೆ ದಾಖಲೆಯಿಲ್ಲ. ಈ ದಡದಲ್ಲಿ ಏನು ಮಾಡಿದರೆಂಬುದಕ್ಕೂ ಇಲ್ಲ.

ಸಂಘದ ಭವನದ ಮುಂಗೋಡೆಗೆ ಇವರ ಫ್ಲೆಕ್ಸ್ ಹಾಕಬೇಕೆಂದು ಕಾರ್ಯಕಾರಿ ಸಮಿತಿಯು ಸರ್ವಾನುಮತದಿಂದ ತೀರ್ಮಾನಿಸಿತು. ಮೊದಲು ಮಡಗಾಂವಿನ ಒಬ್ಬ ಡಿಸೈನರನ್ನು ಸಂಪರ್ಕಿಸಲಾಯಿತು. ಆತ ಆಯ್ಕೆಗೆಂದು ಮೂರು ವಿನ್ಯಾಸ ಕಳಿಸಿದ. ಸಮಿತಿಯು ಮೂರನ್ನೂ ಮೆಚ್ಚಿ, ಮೂರನ್ನೂ ಒಂದರ ಮೇಲೊಂದು ಹಾಕಲು ಸೂಚಿಸಿತು. ಅಂದಿನಿಂದ ಆತನ ಮೊಬೈಲು ವ್ಯಾಪ್ತಿ ಪ್ರದೇಶದ ಹೊರಗಿದೆ.

ಆಗ ದೊರೆತವಳು ರೇಣು. ಮುದ್ರಣಾಲಯವೊಂದರಲ್ಲಿ ಕೆಲಸ ಕಲಿತು, ಈಗ ಸ್ವಂತ ಲ್ಯಾಪ್‌ಟಾಪಿನಲ್ಲಿ ಮನೆಯಿಂದಲೇ ಕೆಲಸ ಮಾಡುವ ಹುಡುಗಿ. ತಂದೆ ಹೇಮಲಪ್ಪ ಸಮುದ್ರದ ದಂಡೆಯಲ್ಲಿ ಮಣಿಸರ, ಕನ್ನಡಿ ಹೊಲಿದ ಚೀಲ ಮಾರುತ್ತಾರೆ. ಸಂಘದ ಅಧ್ಯಕ್ಷರೂ ಗುತ್ತಿಗೆದಾರರೂ ಆದ ಶಂಕರಲಿಂಗ ಅವರು ಪಗಾರದ ವಿಷಯ ಎತ್ತಿದಾಗ ಆಕೆ ಬೇರೆಯದನ್ನೇ ಕೇಳಿದಳು.

“ರೊಕ್ಕ ಬ್ಯಾಡ್ರಿ. ನಮ್ಮಪ್ಪನ್ನ ಮೆಂಬರ್ ಮಾಡ್ಕೋರಿ. ಶ್ರಾವಣದಾಗ ನನ್ನ ಮದುವಿ ಐತಿ.”

ಇದಕ್ಕೆ ವಿವರಣೆ ಅಗತ್ಯ. ದಂಡೆಯ ವ್ಯಾಪಾರಿಗಳು ಮಕ್ಕಳ ಮದುವೆ ಮಾಡುವುದು ವ್ಯಾಪಾರವಿಲ್ಲದ ಮಳೆಗಾಲದಲ್ಲಿ. ಗೋವಾದ ಮಳೆಯಲ್ಲಿ ಮದುವೆಯ ಹಂದರ ನಿಲ್ಲುವುದಿಲ್ಲ. ಹೇಮಲಪ್ಪನವರ ತಗಡಿನ ಕೋಣೆಯಲ್ಲಿ ಬೀಗರು ಸರದಿಯ ಮೇಲೆ ನಿಲ್ಲಬಹುದೇ ಹೊರತು ಕೂರುವಂತಿಲ್ಲ. ಭವನವು ಸದಸ್ಯರಿಗೆ ಮಾತ್ರ ಸಿಗುತ್ತದೆ. ಸದಸ್ಯತ್ವವು ಸಿಮೆಂಟು ಅಥವಾ ಮರಳಿನಲ್ಲಿ ಕೆಲಸ ಮಾಡುವವರಿಗೆ ಮಾತ್ರ. ಹೇಮಲಪ್ಪನವರು ಜೀವಮಾನವೆಲ್ಲ ಮರಳಿನ ಮೇಲೆಯೇ ನಡೆದವರು. ಆದರೆ ಆ ಮರಳನ್ನು ಅವರು ಕಲಸಿಲ್ಲವೆಂದು ಸಮಿತಿಯು ಹಿಂದೊಮ್ಮೆ ಅರ್ಜಿ ತಿರಸ್ಕರಿಸಿತ್ತು. ಈ ಬಾರಿ, ಕೆಲಸ ಮುಗಿದ ಮೇಲೆ ಸಹಾನುಭೂತಿಯಿಂದ ಪರಿಶೀಲಿಸಲಾಗುವುದೆಂದು ಶಂಕರಲಿಂಗ ಅವರು ಮಾತು ಕೊಟ್ಟರು.

ಸಮಿತಿಯವರಿಗೆ ತಿಳಿದಿದ್ದ ನೇಮಕಾತಿ ಒಂದೇ: ಬೆಳಿಗ್ಗೆ ಕೂಲಿಗಾಗಿ ನಾಕಾದಲ್ಲಿ, ಅಂದರೆ ರಸ್ತೆ ಕೂಡುವಲ್ಲಿ, ನಿಂತ ಆಳುಗಳನ್ನು ಕರೆತರುವುದು. ಸ್ವತಂತ್ರ ಡಿಸೈನರ್ ಎಂದರೆ ನಾಕಾದಲ್ಲಿ ನಿಲ್ಲದ ಆಳು ಎಂದು ವ್ಯಾಖ್ಯಾನಿಸಿ, ಅದೇ ನಿಯಮಗಳನ್ನು ಅನ್ವಯಿಸಲಾಯಿತು. ರೇಣು ತನ್ನ ಸಾಮಾನಿನೊಂದಿಗೆ ಬೆಳಿಗ್ಗೆ ಭವನಕ್ಕೆ ಬರತಕ್ಕದ್ದು. ಮನೆಯಲ್ಲಿ ಮಾಡಿದ ಕೆಲಸವನ್ನು ಯಾರೂ ನೋಡದ ಕಾರಣ ಅದನ್ನು ಕೆಲಸವೆಂದು ಪರಿಗಣಿಸತಕ್ಕದ್ದಲ್ಲ. ಮೇಲ್ವಿಚಾರಣೆಗೆ ಮುಕಾದಮ ಮಾನಪ್ಪನವರು ಇರತಕ್ಕದ್ದು.

ಮಾನಪ್ಪನವರು ಗೋಡೆ ಕಟ್ಟುವ ಗವಂಡಿಗಳ ಬೆನ್ನ ಹಿಂದೆ ನಿಂತೇ ಕೂದಲು ಹಣ್ಣು ಮಾಡಿಕೊಂಡವರು. ಅವರು ರೇಣುವಿನ ಬೆನ್ನ ಹಿಂದೆ ನಿಂತರು. ಮೌಸ್ ಓಡುತ್ತಿರುವಷ್ಟು ಹೊತ್ತು ಅವರಿಗೆ ಸಮಾಧಾನ.

“ಕೈ ಯಾಕ ನಿಂತಾವು?”

“ವಿಚಾರ ಮಾಡಾಕತ್ತೇನ್ರಿ, ಕಾಕಾ.”

“ವಿಚಾರ ಮನ್ಯಾಗ ಮಾಡ್ಕೊಂಡ ಬರಬೇಕವಾ. ಇಲ್ಲಿ ಬರೇ ಕೆಲಸ.”

ರೇಣು ಅಂದಿನಿಂದ ವಿಚಾರ ಮಾಡುವಾಗಲೂ ಮೌಸನ್ನು ಗುಂಡಗೆ ತಿರುಗಿಸತೊಡಗಿದಳು. ಕೆಲಸದ ಪ್ರಗತಿ ತೃಪ್ತಿಕರವಾಗಿದೆಯೆಂದು ಮಾನಪ್ಪನವರು ವರದಿ ಮಾಡಿದರು.

ಮೂಲಪುರುಷರ ಸುತ್ತ ಆಕೆ ತಿಳಿನೀಲಿ ಆಕಾಶವನ್ನು ಖಾಲಿ ಬಿಟ್ಟಿದ್ದಳು. ಸಿಮೆಂಟಿನ ಗಿಲಾವು ಮಾಡದೆ ಬಿಟ್ಟ ಗೋಡೆಗೂ ಇದಕ್ಕೂ ವ್ಯತ್ಯಾಸವೇನೆಂದು ಶಂಕರಲಿಂಗ ಅವರು ವಿಚಾರಿಸಿದರು. ಕಣ್ಣಿಗೆ ಉಸಿರಾಡಲು ಜಾಗ ಬೇಕೆಂದು ಆಕೆ ತಿಳಿಸಿದಳು. ಉಸಿರಾಟಕ್ಕೆ ಮೂಗಿದೆಯೆಂದು ಸಮಿತಿಯು ಸ್ಪಷ್ಟಪಡಿಸಿ, ಆಕಾಶವನ್ನು ಪದಾಧಿಕಾರಿಗಳಿಗೆ ಹಂಚಿತು. ಮೊದಲು ಪದಾಧಿಕಾರಿಗಳ ಫೋಟೋಗಳು ಬಂದವು, ನಂತರ ಶುಭಕೋರುವವರದು, ನಂತರ ಶುಭಕೋರುವವರ ಮಕ್ಕಳು, ಹುಟ್ಟುಹಬ್ಬದ ಟೋಪಿಯಲ್ಲಿ. ಉಳಿದ ಒಂದು ಮೂಲೆಯಲ್ಲಿ ಅಧ್ಯಕ್ಷರ ಕಾಂಕ್ರೀಟ್ ಮಿಕ್ಸರನ್ನು ಕೂಡಿಸಲಾಯಿತು.

ಮೂಲಪುರುಷರ ಮುಖ ಮಾತ್ರ ಬಾಕಿಯಿತ್ತು. ರೇಣು ಫೋಟೋ ಕೇಳಿದಳು. ಫೋಟೋ ಇಲ್ಲ, ಆದರೆ ಚಿತ್ರವು ಹುಬೇಹೂಬ ಅವರಂತೆಯೇ ಇರಬೇಕೆಂದು ಸಮಿತಿ ಆದೇಶಿಸಿತು. ಮುಖದ ಅಳತೆ ಗೊತ್ತಾಗಲೆಂದು ಆಕೆ ತನ್ನ ಮೊಬೈಲಿನಲ್ಲಿದ್ದ ತಂದೆಯ ಫೋಟೋವನ್ನು ತಾತ್ಕಾಲಿಕವಾಗಿ ಅಲ್ಲಿರಿಸಿದಳು. ಇದು ಬರೀ ಸ್ಯಾಂಪಲ್ ಎಂದು ಎಲ್ಲರಿಗೂ ತಿಳಿಸಿದಳು ಕೂಡ.

ಸ್ಯಾಂಪಲ್ ಪರಿಶೀಲನೆಗೆ ವಸಾಹತಿನ ಹಿರಿಯರಾದ ಸಾವಂತ್ರೆವ್ವನವರನ್ನು ಕರೆಸಲಾಯಿತು. ಅವರು ಪರದೆಯನ್ನು ನೋಡಿ, ಸೆರಗನ್ನು ತಲೆಯ ಮೇಲೆಳೆದುಕೊಂಡು ಕೈಮುಗಿದರು.

“ಇವರ ನೋಡ್ರಿ. ಇದ ಮೀಸಿ.”

ತಾವು ಅವರನ್ನು ಕಂಡಿದ್ದಿರಾ ಎಂದು ರೇಣು ಮೆಲ್ಲಗೆ ಕೇಳಿದಳು.

“ನಾ ಎಲ್ಲಿ ನೋಡ್ಲೆವಾ. ನೋಡಿದಾಕಿ ನಮ್ಮತ್ತಿ. ಆದ್ರ ನಮ್ಮತ್ತಿ ಸುಳ್ಳ ಹೇಳಾಕಿ ಅಲ್ಲ.”

“ಆಯಿ, ಇಂವ ನಮ್ಮಪ್ಪ ಅದಾನ್ರಿ.”

“ನಮ್ಮೆಲ್ಲರಿಗೂ ಅಪ್ಪನ ಅವರು,” ಎಂದರು ಶಂಕರಲಿಂಗ.

ರೇಣು ತಂದೆಯ ಆಧಾರ್ ಕಾರ್ಡು ತೋರಿಸಿದಳು. ಅದರಲ್ಲಿನ ಮುಖ ಯಾರಂತೆಯೂ ಇಲ್ಲವೆಂದು ಮಾನಪ್ಪನವರು ಅಭಿಪ್ರಾಯಪಟ್ಟರು. ಅಲ್ಲದೆ, ಒಮ್ಮೆ ಪಾಸಾದ ಸ್ಯಾಂಪಲ್ಲನ್ನು ಬದಲಿಸಬಾರದೆಂಬುದು ಕಟ್ಟಡ ಕೆಲಸದ ಮೂಲಭೂತ ನಿಯಮ. ವಿನ್ಯಾಸವನ್ನು ಅಂತಿಮಗೊಳಿಸಿ, ಹೊಸ ಕಾಂಕ್ರೀಟನ್ನು ನೆನೆಸಿ ಗಟ್ಟಿಯಾಗಲು ಬಿಡುವಂತೆ, ಕ್ಯೂರಿಂಗಿಗೆ ಬಿಡಲಾಯಿತು. ಲ್ಯಾಪ್‌ಟಾಪಿನ ಮೇಲೆ ಒದ್ದೆ ಗೋಣಿಚೀಲ ಹೊದಿಸುವ ಪ್ರಸ್ತಾವವು ದೀರ್ಘ ಚರ್ಚೆಯ ನಂತರ ಒಣ ಗೋಣಿಚೀಲಕ್ಕೆ ಇಳಿದದ್ದು ರೇಣುವಿನ ಏಕೈಕ ಜಯ.

ಫ್ಲೆಕ್ಸ್ ಏರಿತು. ರೇಣು ಸದಸ್ಯತ್ವದ ಮಾತು ನೆನಪಿಸಿದಳು. ಹೇಮಲಪ್ಪನವರ ಅರ್ಜಿಯನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಭವನದ ಬಾಗಿಲಿಗೆ ಈ ಕೆಳಗಿನಂತೆ ಪ್ರಕಟಣೆ ಅಂಟಿಸಲಾಯಿತು:

‘ಅರ್ಜಿಯೊಂದಿಗಿನ ಭಾವಚಿತ್ರವು ಮೂಲಪುರುಷರದೆಂದು ದೃಢಪಟ್ಟಿದೆ. ಮೂಲಪುರುಷರು ಬಹಳ ಹಿಂದೆಯೇ ಲಿಂಗೈಕ್ಯರಾಗಿರುತ್ತಾರೆ. ನಿಯಮಾವಳಿಯ ಪ್ರಕಾರ ದಿವಂಗತರನ್ನು ಹೊಸದಾಗಿ ಸೇರಿಸಿಕೊಳ್ಳಲು ಅವಕಾಶವಿಲ್ಲ. ಈ ಸೌಲಭ್ಯವು ಹಳೆಯ ಸದಸ್ಯರಿಗೆ ಮಾತ್ರ.’

ಹೇಮಲಪ್ಪನವರು ಖುದ್ದಾಗಿ ಬಂದು ಸಮಿತಿಯ ಮುಂದೆ ನಿಂತರು.

“ನಾ ಜೀವಂತ ಅದೇನ್ರಿ, ಸಾಹೇಬ್ರ.”

“ಇರ್ರಿ,” ಎಂದರು ಶಂಕರಲಿಂಗ, ಎದ್ದು ನಿಂತು. “ಸಂಘದ್ದು ಅಡ್ಡಿ ಏನಿಲ್ಲ.”

ಮದುವೆಯ ದಿನ ಹತ್ತಿರವಾಗಿತ್ತು. ಬೀಗರು ಸಾಂಖಳಿಯಿಂದ ಎರಡು ಸಲ ಫೋನು ಮಾಡಿ, ಜಾಗ ಗೊತ್ತಾಗದಿದ್ದರೆ ಮುಂದಿನ ವರ್ಷ ನೋಡೋಣವೆಂದಿದ್ದರು. ರೇಣು ಮೌಸ್ ಇಲ್ಲದೆಯೇ ಸ್ವಲ್ಪ ಹೊತ್ತು ವಿಚಾರ ಮಾಡಿದಳು.

“ಅಪ್ಪ ಮೂಲಪುರುಷ ಅಂದ್ರ, ನಾ ಯಾರ್ರಿ ಹಂಗಾರ?”

ಸಮಿತಿಯು ನಿಯಮಾವಳಿಯನ್ನು ತಿರುವಿ ಹಾಕಿತು. ಮೂಲಪುರುಷರ ಮಗಳಿಗೆ ಭವನ ಕೊಡಬಾರದೆಂಬ ನಿಯಮ ಎಲ್ಲಿಯೂ ಇರಲಿಲ್ಲ. ಅಂಥವಳೊಬ್ಬಳು ಕೇಳಲು ಬಂದಾಳೆಂದು ನಿಯಮ ಬರೆದವರು ಊಹಿಸಿರಲಿಲ್ಲ. ಸ್ವಂತ ಮೂಲಪುರುಷರ ಮಗಳನ್ನು ಮಳೆಯಲ್ಲಿ ನಿಲ್ಲಿಸಿದರೆಂಬ ಅಪಕೀರ್ತಿ ಬರಬಾರದೆಂದು, ಭವನವನ್ನು ಷರತ್ತಿನ ಮೇಲೆ ಮಂಜೂರು ಮಾಡಲಾಯಿತು. ವಧುವಿನ ತಂದೆಯು ಸದಸ್ಯರೊಂದಿಗೆ ಸರಿಸಮನಾಗಿ ಓಡಾಡದೆ, ಫ್ಲೆಕ್ಸಿನ ಪ್ರತಿಯ ಕೆಳಗೆ ಪೀಠದಲ್ಲಿ ಆಸೀನರಾಗಿರತಕ್ಕದ್ದು. ಪಂಕ್ತಿಯಲ್ಲಿ ಉಣ್ಣತಕ್ಕದ್ದಲ್ಲ, ಅವರಿಗೆ ನೈವೇದ್ಯ ಸಲ್ಲತಕ್ಕದ್ದು.

ಮದುವೆ ಶಾಸ್ತ್ರೋಕ್ತವಾಗಿ ನೆರವೇರಿತು. ಹೊರಗೆ ಮಳೆ ಹೊಯ್ಯುತ್ತಿತ್ತು. ಒಳಗೆ ಬೀಗರು ಕುರ್ಚಿಗಳ ಮೇಲೆ, ಕೆಲವರು ಎರಡು ಕುರ್ಚಿಗಳ ಮೇಲೆ ಕೂತಿದ್ದರು. ಹೆಣ್ಣಿನ ತಂದೆ ಲಿಂಗೈಕ್ಯರಾಗಿದ್ದೂ ಅಕ್ಷತೆಗೆ ಬಂದದ್ದು ದೊಡ್ಡ ಮಾತೆಂದು ಗಂಡಿನ ಕಡೆಯವರು ಹೊಗಳಿದರು. ರೇಣು ಗಂಡನೊಂದಿಗೆ ತಂದೆಯ ಪಾದಕ್ಕೆ ಎರಗಿ ಕಣ್ಣೊರೆಸಿಕೊಂಡಳು. ಅವಳ ಹಿಂದೆ ಪಾದ ಮುಟ್ಟುವವರ ಸಾಲು ಬಾಗಿಲು ದಾಟಿ ಮಳೆಯವರೆಗೆ ಹೋಗಿತ್ತು.

ನೈವೇದ್ಯದ ಎಲೆಯನ್ನು ಪೀಠದ ಮುಂದಿಟ್ಟು ಎಲ್ಲರೂ ಕಣ್ಣು ಮುಚ್ಚಿದರು. ತೆರೆದಾಗ ಹೋಳಿಗೆ ಇರಲಿಲ್ಲ, ಬದನೆಕಾಯಿ ಪಲ್ಯ ಇರಲಿಲ್ಲ. ಮೂಲಪುರುಷರು ಬೆರಳು ನೆಕ್ಕಿ, ಇನ್ನಷ್ಟು ಅನ್ನ ಕೇಳಿದರು. ಸಂಘವು ಇದನ್ನು ಸರ್ವಾನುಮತದಿಂದ ಪವಾಡವೆಂದು ಅಂಗೀಕರಿಸಿ, ಸಾರು ಬಡಿಸಿತು.