ಮೇಲಿಡುವ ಮಾವನ ಬೆನ್ನುನೋವು

ನಮ್ಮ ಮಾವನ ಕೈಗೆ ಸಿಕ್ಕಿದ್ದು ಯಾವುದೂ ಕೆಳಗೆ ಉಳಿಯುವುದಿಲ್ಲ. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ! ಕಲ್ಯಾಣದ ನಮ್ಮ ಮನೆಗೆ ಬಂದವರು ಕೂತು ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಅವರ ಕೈಚೀಲ ಕಪಾಟಿನ ನೆತ್ತಿಯ ಮೇಲಿರುತ್ತದೆ. ಛತ್ರಿ ಫ್ರಿಜ್ಜಿನ ಮೇಲೆ, ರವೆಯ ಡಬ್ಬ ಅಟ್ಟದ ಮೇಲೆ. ಅತ್ತೆ ಉಪ್ಪಿಟ್ಟು ಮಾಡಬೇಕಾದರೆ ಮೊದಲು ಸ್ಟೂಲು ಹತ್ತಬೇಕು. "ನಾನು ಕುಳ್ಳಿ ಅಂತ ನೋಡಿಯೇ ಮದುವೆ ಆದದ್ದಲ್ವಾ ಇವರು?" ಎಂದು ಸ್ಟೂಲಿನ ಮೇಲಿಂದಲೇ ನನ್ನನ್ನು ಕೇಳುತ್ತಾರೆ. ನಾನೇನು ಹೇಳಲಿ? ಅವರ ಮನೆಯಲ್ಲೇ ಉಂಡು, ಆಫೀಸಿನ ಬಸ್ಸಿನಲ್ಲಿ ಮಹಾಪೆಗೆ ಹೋಗಿಬರುವ, ಮಾವನ ತಂಗಿಯ ಮಗ ನಾನು.

ಈ ಚಾಳಿಗೆ ಮೂಲ ಲೋಕಲ್ ಟ್ರೈನು. ಮಾವನ ಆಫೀಸು ಠಾಣೆಯಲ್ಲಿ. ದಿನವೂ ಅದೇ ಗಾಡಿ, ಅದೇ ಬೋಗಿ. ಕಲ್ಯಾಣದಲ್ಲೇ ಹೊರಡುವ ಗಾಡಿಯಾದ್ದರಿಂದ ಸೀಟು ಸಿಗುತ್ತದೆ. ಆದರೆ ಇವರು ಕೂರಬೇಕಲ್ಲ! ಸೀಟುಗಳ ನಡುವೆ, ಸಾಮಾನಿಡುವ ರ‍್ಯಾಕಿನ ಕೆಳಗೆ ನಿಂತುಬಿಡುತ್ತಾರೆ. ಡೊಂಬಿವಲಿಯಲ್ಲಿ ಜನ ನುಗ್ಗಿದ ಕೂಡಲೇ ಬ್ಯಾಗುಗಳು ತಲೆಗಳ ಮೇಲಿಂದ ಕೈಗೆ ಕೈ ದಾಟಿ ಇವರ ಬಳಿ ಬರುತ್ತವೆ. ಊಟದ ಡಬ್ಬಿ ಇರುವುದು ನೆಟ್ಟಗೆ, ಲ್ಯಾಪ್‌ಟಾಪು ಒಳಬದಿಗೆ, ಠಾಣೆಯಲ್ಲಿ ಇಳಿಯುವವರದ್ದು ಮುಂದಕ್ಕೆ. ಇವರ ಹೆಸರು ಅಲ್ಲಿ ಒಬ್ಬರಿಗೂ ಗೊತ್ತಿಲ್ಲ. ಎಲ್ಲರಿಗೂ ಇವರು "ರ‍್ಯಾಕ್ ಕಾಕಾ". ಆಫೀಸಿನ ಕುರ್ಚಿಗಿಂತ ಆ ಪದವಿಯ ಮೇಲೆಯೇ ಮಾವನಿಗೆ ಹೆಚ್ಚು ಅಭಿಮಾನ.

ಕಳೆದ ಮಳೆಗಾಲದಲ್ಲಿ ಆ ಪದವಿಗೇ ಕುತ್ತು ಬಂತು. ಒದ್ದೆ ಬ್ಯಾಗೊಂದು ಮಾವನ ಕೈಯಿಂದ ಜಾರಿ, ಕೂತಿದ್ದವನೊಬ್ಬನ ಬೋಳುತಲೆಯ ಮೇಲೆ ಬಿತ್ತು. ಅವನು ಬೈಯಲಿಲ್ಲ. ಬೈದಿದ್ದರೆ ಮಾವ ಸುಖವಾಗಿ ನಿದ್ದೆ ಮಾಡುತ್ತಿದ್ದರು. ಮರುದಿನದಿಂದ ಅವನು ತನ್ನ ಬ್ಯಾಗನ್ನು ತೊಡೆಯ ಮೇಲೆಯೇ ಇಟ್ಟುಕೊಂಡ, ಅಷ್ಟೆ!

"ನನ್ನ ಕೈಯಲ್ಲಿ ಶಕ್ತಿ ಇಲ್ಲ ಅಂತ ಅವನಿಗೆ ಗೊತ್ತಾಯ್ತು ಮಾರಾಯ. ನಾಳೆ ಎಲ್ಲರಿಗೂ ಗೊತ್ತಾಗ್ತದೆ. ಮತ್ತೆ ನಾನು ಅಲ್ಲಿ ಎಂತಕ್ಕೆ ನಿಲ್ಲುದು?" ಎಂದರು ಮಾವ. ಅದೇ ವಾರ ಜಿಮ್ ಸೇರಿದರು. ಅರವತ್ತರ ಅಂಚಿನಲ್ಲಿ, ಆಫೀಸಿನ ಪ್ಯಾಂಟನ್ನೇ ಮಡಚಿಕೊಂಡು!

ಜೊತೆಗೆ ಒಂದು ದಿನ ನಾನೂ ಹೋಗಿದ್ದೆ. ಮಾವ ಮಾಡುತ್ತಿದ್ದದ್ದು ಎದೆಯ ವ್ಯಾಯಾಮ ಮಾತ್ರ. ಬೆನ್ನಿನದು ಯಾಕಿಲ್ಲ ಎಂದರೆ, "ಕನ್ನಡಿಯಲ್ಲಿ ಕಾಣದ್ದಕ್ಕೆ ಎಂತಕ್ಕೆ ಕಷ್ಟಪಡುದು?" ಎಂದರು. ಇಷ್ಟೇ ಆಗಿದ್ದರೆ ಬದುಕಿಕೊಳ್ಳುತ್ತಿದ್ದರೇನೋ. ಅಲ್ಲಿಯ ಹುಡುಗರು ತೂಕದ ಬಿಲ್ಲೆಗಳನ್ನು ಎತ್ತಿ ಮುಗಿಸಿ, ನೆಲದ ಮೇಲೆಯೇ ಬಿಟ್ಟು ಹೋಗುತ್ತಾರೆ. ಪಕ್ಕದಲ್ಲೇ ಸ್ಟ್ಯಾಂಡು! ನಮ್ಮ ಮಾವನಿಗೆ ತಡೆಯುತ್ತದೆಯೇ? ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಮೈ ತಿರುಚಿ, ಊರವರ ಬಿಲ್ಲೆಗಳನ್ನೆಲ್ಲ ಮೇಲೆ ಜೋಡಿಸಿದರು. "ಅಂಕಲ್, ಆಪ್ ಕಸರತ್ ಕರ್ನೇ ಆತೇ ಹೋ ಯಾ ಸಫಾಯಿ?" ನೀವು ಬರುವುದು ಕಸರತ್ತಿಗೋ ಕಸ ತೆಗೆಯಲಿಕ್ಕೋ ಎಂದು ಟ್ರೇನರ್ ಕೈ ಮುಗಿದ.

ಆದರೂ ಒಂದು ಸಂಜೆ ಮಾವ ಕುಣಿಯುತ್ತಲೇ ಮನೆಗೆ ಬಂದರು. "ಇವತ್ತು ಕೊಟ್ಟ! ಬೋಳುತಲೆಯವ ಅವನಾಗಿಯೇ ಬ್ಯಾಗ್ ಕೊಟ್ಟ! ಪಾಯಸ ಆಗ್ಬೇಕು!" ಅಟ್ಟದಿಂದ ಶಾವಿಗೆ ಇಳಿಸಲು ತಾವೇ ಕೈ ಎತ್ತಿದರು. ಕೈ ಮೇಲೆಯೇ ಉಳಿಯಿತು. "ಅಯ್ಯಮ್ಮಾ" ಎಂಬ ಸದ್ದು ಮಾತ್ರ ಕೆಳಗೆ ಬಂತು.

ಎರಡು ಹೆಗಲೆಲುಬುಗಳ ನಡುವೆ ನೋವು. ಕಾರಣ ಹೇಳುವವರಿಗೆ ಬರಗಾಲವೇ? ಅತ್ತೆ ಫ್ಯಾನಿನ ಗಾಳಿ ಎಂದರು. ಪಕ್ಕದ ಮನೆಯ ಮರಾಠಿ ಅಜ್ಜಿ "ಗ್ಯಾಸ್ ಆಹೇ" ಎಂದು ಅಜವಾನ ಕೊಟ್ಟರು. ಊರಿನಿಂದ ನನ್ನ ಅಮ್ಮ ಫೋನು ಮಾಡಿ, "ಅಣ್ಣನಿಗೆ ಜಿಮ್ಮಿನಲ್ಲಿ ದೃಷ್ಟಿ ತಾಗಿದ್ದು, ಮೆಣಸು ನಿವಾಳಿಸಿ" ಎಂದರು. ಮಾವ ಮಾತ್ರ ದಿಂಬಿನದೇ ತಪ್ಪು ಎಂದು ತೀರ್ಮಾನಿಸಿ, ಅದನ್ನು ನನ್ನ ಕೈಯಿಂದ ಅಟ್ಟಕ್ಕೆ ಹಾಕಿಸಿದರು.

ಕೊನೆಗೆ ಫಿಸಿಯೋಥೆರಪಿಯ ಡಾಕ್ಟರಮ್ಮ ಒತ್ತಿ ನೋಡಿ ಎಲ್ಲವನ್ನೂ ಬಿಡಿಸಿ ಹೇಳಿದರು. ಎದೆ ಬಿಗಿದಿದೆ, ಬೆನ್ನು ಸೋತಿದೆ; ಬಗ್ಗಿ ತಿರುಚಿ ಭಾರ ಎತ್ತಿದ್ದಾರೆ; ಅದರ ಮೇಲೆ ದಿನವೂ ಟ್ರೈನಿನಲ್ಲಿ ತಲೆಗಿಂತ ಎತ್ತರಕ್ಕೆ ಹೊರೆ. ಕೆಲವು ವಾರ ಹೆಗಲಿನ ಮೇಲಕ್ಕೆ ಕೈ ಎತ್ತುವಂತಿಲ್ಲ. "ಬ್ಯಾಗ್ ಭೀ ನಹೀ?" ಎಂದು ಮಾವ ಸಣ್ಣ ದನಿಯಲ್ಲಿ ಕೇಳಿದರು. "ರೂಮಾಲ್ ಭೀ ನಹೀ!" ಎಂದು ಡಾಕ್ಟರಮ್ಮ ಕರವಸ್ತ್ರಕ್ಕೂ ತಡೆ ಹಾಕಿದರು.

ಮರುದಿನ ಅತ್ತೆ ನನ್ನನ್ನು ಕಾವಲಿಗೆ ಕಳಿಸಿದರು. ಮಾವ ಅದೇ ಬೋಗಿ ಹತ್ತಿ, ಅದೇ ರ‍್ಯಾಕಿನ ಕೆಳಗೆ, ಎರಡೂ ಕೈ ಜೇಬಿನಲ್ಲಿಟ್ಟು ನಿಂತರು. ಡೊಂಬಿವಲಿ ಬಂತು. ಬ್ಯಾಗುಗಳೂ ಬಂದವು. "ಆಜ್ ನಹೀ ಭಾಯ್, ಪೀಠ್ ಮೇ ದರ್ದ್ ಹೈ," ಎಂದು ಬೆನ್ನುನೋವನ್ನು ಒಪ್ಪಿಕೊಂಡರು. ಕಳ್ಳತನ ಮಾಡಿ ಸಿಕ್ಕಿಬಿದ್ದವರ ಮುಖ! ನನಗೆ ಸಂಕಟವಾಯಿತು.

ಗುಂಪಿನ ಹಿಂದಿನಿಂದ ಯಾರೋ ಕೂಗಿದರು. "ತೋ ಕ್ಯಾ ಹುವಾ ಕಾಕಾ? ಆಪ್ ಸಿರ್ಫ್ ಬೋಲೋ, ಕಿಧರ್ ರಖನಾ ಹೈ!" ಎಲ್ಲಿಡಬೇಕೆಂದು ಬರೀ ಬಾಯಲ್ಲಿ ಹೇಳಿದರೆ ಸಾಕಂತೆ!

ಮಾವ ಅಷ್ಟೂ ಮುಖಗಳನ್ನು ಒಮ್ಮೆ ನೋಡಿದರು. ಆಮೇಲೆ ಕೇಳಬೇಕೇ! "ವೋ ಡಬ್ಬಾ ಸೀಧಾ ರಖೋ! ಅರೇ, ಲ್ಯಾಪ್‌ಟಾಪ್ ಅಂದರ್!" ಯಾರ್ಯಾರದೋ ಕೈಗಳು ಮೇಲೆ ಹೋದವು, ಇಳಿದವು. ಮುಂಬ್ರಾ ದಾಟಿದ ಮೇಲೆ ಗಾಡಿ ಕುಲುಕಿತು. ಮಾವ ನೋವಿನಿಂದ ಮುಖ ಕಿವುಚಿದರು. ಹಿಂದಿನಿಂದ ಒಂದು ಅಂಗೈ ಬಂದು, ನೋವಿದ್ದ ಜಾಗದಲ್ಲಿ ಒತ್ತಿ ನಿಂತಿತು. ಠಾಣೆ ಬರುವವರೆಗೂ ಅದು ಕದಲಲಿಲ್ಲ. ಆ ಜನಜಂಗುಳಿಯಲ್ಲಿ ಕೈ ಯಾರದೆಂದು ನನಗೂ ಕಾಣಲಿಲ್ಲ.

ಪ್ಲಾಟ್‌ಫಾರ್ಮಿನಲ್ಲಿ ಇಳಿದಾಗ ಮಾವನ ಕಣ್ಣು ಒದ್ದೆಯಾಗಿತ್ತು. "ತುಂಬ ನೋವುಂಟಾ ಮಾವ?" ಎಂದೆ.

"ಇಲ್ಲ ಮಾರಾಯ. ಯಾರೋ ಬೆನ್ನಿಗೆ ಕೈ ಒತ್ತಿ ಹಿಡಿದಿದ್ದ. ಅಷ್ಟು ದೂರವೂ ಹಿಡಿದಿದ್ದ."

"ಯಾರು ಅಂತ ನೋಡ್ಲಿಲ್ವಾ?"

"ತಿರುಗಿ ನೋಡಿದ್ರೆ ಕೈ ತೆಗೀತಿದ್ದ ಅಲ್ವಾ," ಎಂದರು ಮಾವ.